ಅಲಮೇಲುವನ್ನು ಯಾರು ಕೇಳಿದರು?

1972ರ ಡಿಸೆಂಬರಿನಲ್ಲಿ ಬಿಡುಗಡೆಯಾದ ‘ನಾಗರಹಾವು’ ಚಿತ್ರದ ಮಾತು ಬಂದರೆ ಚಿತ್ರದುರ್ಗದ ಬಂಡೆಗಳು ಕಣ್ಣೆದುರು ಬರುತ್ತವೆ, ರಾಮಾಚಾರಿಯ ಸಿಟ್ಟು ನೆನಪಾಗುತ್ತದೆ, ಚಾಮಯ್ಯ ಮೇಷ್ಟ್ರ ದನಿ ಕೇಳಿಸುತ್ತದೆ. ಆದರೆ ಕಥೆ ತಿರುಗುವುದು ಮೇಷ್ಟ್ರ ಒಂದು ಕೋರಿಕೆಯಿಂದ. ಊರೆಲ್ಲ ಪೋಕರಿ ಎಂದು ದೂರವಿಟ್ಟ ಹುಡುಗನನ್ನು ಮಗನಂತೆ ಕಂಡ ಮೇಷ್ಟ್ರು, ಅಲಮೇಲುವನ್ನು ಮರೆತುಬಿಡು ಎಂದು ಅವನಿಗೆ ಹೇಳುತ್ತಾರೆ. ಪ್ರೀತಿಗಿಂತ ತ್ಯಾಗ ದೊಡ್ಡದು ಎಂದು ಮನವೊಲಿಸುತ್ತಾರೆ. ಯಾರ ಮಾತನ್ನೂ ಕೇಳದ ರಾಮಾಚಾರಿ ಆ ಒಬ್ಬರ ಮಾತಿಗೆ ತಲೆಬಾಗುತ್ತಾನೆ.

ಐವತ್ತು ವರ್ಷಗಳಿಂದ ಪ್ರೇಕ್ಷಕರು ಆ ದೃಶ್ಯದಲ್ಲಿ ಗುರುಭಕ್ತಿಯನ್ನು ಕಂಡಿದ್ದಾರೆ. ಕಾಣದೆ ಉಳಿದದ್ದು ಇನ್ನೊಂದಿದೆ. ಯಾರ ಬದುಕಿನ ತೀರ್ಮಾನ ನಡೆಯುತ್ತಿದೆಯೋ ಆ ಹೆಣ್ಣು ಆ ಮಾತುಕತೆಯಲ್ಲಿ ಇಲ್ಲವೇ ಇಲ್ಲ. ಅದಕ್ಕೂ ಮೊದಲು ಅವಳ ಒಡಹುಟ್ಟಿದ ವರದ, ಜಲೀಲನ ಕಾಟ ತಪ್ಪಿಸಿದರೆ ಅವಳನ್ನು ನಿನಗೇ ಕೊಡುತ್ತೇನೆಂದು ರಾಮಾಚಾರಿಗೆ ಮಾತು ಕೊಟ್ಟಿದ್ದ. ಕೆಲಸವಾದ ಮೇಲೆ ಮಾತಿಗೆ ತಪ್ಪಿದ. ಕೊಡುವವನು ಒಬ್ಬ, ಹಿಂದಕ್ಕೆ ಪಡೆಯುವವನೂ ಅವನೇ, ಬಿಟ್ಟುಕೊಡುವವನು ಇನ್ನೊಬ್ಬ. ಅಲಮೇಲು ರಾಮಾಚಾರಿಯನ್ನು ಮನಸಾರೆ ಪ್ರೀತಿಸಿದ್ದಳು ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಒಂದು ಜೀವ ಇನ್ನೊಂದು ಜೀವಕ್ಕಾಗಿಯೇ ಹುಟ್ಟಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹೊಸದಲ್ಲ. ಈಗಿನವರು ಸೋಲ್‌ಮೇಟ್ ಎನ್ನುವುದನ್ನು ಹಿಂದಿನವರು ಋಣಾನುಬಂಧ ಎಂದರು, ಜನ್ಮಾಂತರದ ನಂಟು ಎಂದರು. ಹನ್ನೆರಡನೆಯ ಶತಮಾನದಲ್ಲಿ ನೇಮಿಚಂದ್ರ ಬರೆದ ‘ಲೀಲಾವತಿ ಪ್ರಬಂಧ’ ನಿಂತಿರುವುದೇ ಈ ನಂಬಿಕೆಯ ಮೇಲೆ. ಜಯಂತೀಪುರದ, ಅಂದರೆ ಬನವಾಸಿಯ, ರಾಜಕುಮಾರ ಕಂದರ್ಪದೇವ ಎಂದೂ ನೋಡದ ಹೆಣ್ಣೊಬ್ಬಳನ್ನು ಕನಸಿನಲ್ಲಿ ಕಂಡು, ಅವಳನ್ನು ಹುಡುಕುತ್ತಾ ಗೆಳೆಯನೊಂದಿಗೆ ಹೊರಡುತ್ತಾನೆ. ಅತ್ತ ಲೀಲಾವತಿಯೂ ಅವನನ್ನು ಕನಸಿನಲ್ಲಿ ಕಂಡಿರುತ್ತಾಳೆ. ಕನಸು ಒಬ್ಬರ ಪಾಲಿಗೆ ಮಾತ್ರ ಬಂದದ್ದಲ್ಲ. ಇಬ್ಬರೂ ಕಂಡಿದ್ದಾರೆ, ಆದ್ದರಿಂದಲೇ ಅದು ನಂಟು.

ಕನ್ನಡ ಚಿತ್ರರಂಗಕ್ಕೆ ಮಾತು ಬಂದ ಹೊತ್ತಿಗೆ ಈ ಸಮಪಾಲು ಉಳಿದಿರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂದದ್ದು 1934ರಲ್ಲಿ. ಆಗ ಕನ್ನಡ ನಾಡಿನಲ್ಲಿ ಅದಕ್ಕೆ ಬೇಕಾದ ಸೌಲಭ್ಯವಿರಲಿಲ್ಲ, ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ವೈ.ವಿ. ರಾವ್ ನಿರ್ದೇಶನದಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ನಟಿಸಿದ್ದರು. ಇಂದ್ರಜಿತುವಿನ ಹೆಂಡತಿ ಸುಲೋಚನೆಯ ಕಥೆಯಲ್ಲಿ ಸಾವನ್ನೂ ದಾಟುವ ನಂಟೇನೋ ಇದೆ. ಆದರೆ ಅದನ್ನು ದಾಟಿ ತೋರಿಸಬೇಕಾದವಳು ಹೆಂಡತಿ ಮಾತ್ರ. ಹೆಂಡತಿಯನ್ನು ಕಳೆದುಕೊಂಡ ಗಂಡನಿಗೆ ಇಂಥದೇ ಪರೀಕ್ಷೆ ಒಡ್ಡುವ ಪುರಾಣಕಥೆಯನ್ನು ಸಿನಿಮಾದವರು ಹುಡುಕಲೂ ಇಲ್ಲ.

ಮುಂದಿನ ಬದಲಾವಣೆ ಬಂದದ್ದು ಕಾದಂಬರಿಗಳಿಂದ, ಅದರಲ್ಲೂ ಮಹಿಳೆಯರು ಬರೆದ ಕಾದಂಬರಿಗಳಿಂದ. 1967ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಬೆಳ್ಳಿಮೋಡ’ ತ್ರಿವೇಣಿಯವರ ಕಾದಂಬರಿ. ಅದು ತೆರೆಗೆ ಬರುವ ನಾಲ್ಕು ವರ್ಷ ಮೊದಲೇ ತ್ರಿವೇಣಿ ತೀರಿಕೊಂಡಿದ್ದರು. ಇಂದಿರೆಯ ತಂದೆಯ ಹಣದಲ್ಲಿ ಮೋಹನ ಓದಲು ಅಮೆರಿಕಕ್ಕೆ ಹೋಗುತ್ತಾನೆ. ಇತ್ತ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ಅವಳೊಬ್ಬಳೇ ವಾರಸುದಾರಳಲ್ಲ ಎಂದು ತಿಳಿದ ಮೇಲೆ ಮೋಹನನಿಗೆ ಮದುವೆ ಬೇಡವಾಗುತ್ತದೆ. ಅವನು ಅಪಘಾತವಾಗಿ ಮಲಗಿದಾಗ ಆರೈಕೆ ಮಾಡಿದವಳು ಅವಳೇ. ಮನಸ್ಸು ಬದಲಾಗಿ ಅವನು ಮದುವೆಯ ಮಾತೆತ್ತಿದಾಗ ಇಂದಿರೆ ಒಲ್ಲೆ ಎನ್ನುತ್ತಾಳೆ. ಕಲ್ಪನಾ ಆ ನಿರಾಕರಣೆಗೆ ಮುಖವಾದರು. ಕೇಳಿದರೆ ಹೆಣ್ಣು ಏನು ಹೇಳಬಹುದು ಎಂಬುದಕ್ಕೆ ಅದೊಂದು ಉತ್ತರ.

ಪುಟ್ಟಣ್ಣ ಐದು ವರ್ಷಗಳ ನಂತರ ‘ನಾಗರಹಾವು’ ಮಾಡಿದಾಗ ಕೈಗೆತ್ತಿಕೊಂಡದ್ದು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು. ಹೆಣ್ಣನ್ನು ಕೇಳದೆ ಮಾಡಿದ ತ್ಯಾಗ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಆ ಚಿತ್ರ ಮುಚ್ಚಿಡುವುದಿಲ್ಲ. ಮನೆಯವರು ಆರಿಸಿದವನ ಕೈಹಿಡಿದ ಅಲಮೇಲುವನ್ನು ಆ ಗಂಡನೇ ಮೈಮಾರುವ ದಂಧೆಗೆ ನೂಕುತ್ತಾನೆ. ರಾಮಾಚಾರಿ ಮತ್ತೆ ಅವಳನ್ನು ಕಾಣುವುದು ಹೋಟೆಲಿನಲ್ಲಿ. ಮೇಷ್ಟ್ರ ಆದರ್ಶದ ಫಲ ಅವನ ಎದುರೇ ನಿಂತಿರುತ್ತದೆ. ಮಾರ್ಗರೆಟ್‌ಳ ವಿಷಯದಲ್ಲೂ ಮೇಷ್ಟ್ರು ಅಡ್ಡ ಬಂದಾಗ ರಾಮಾಚಾರಿ ಈ ಸಲ ಬಗ್ಗುವುದಿಲ್ಲ. ಆಗ ಮೇಷ್ಟ್ರ ಸಾವು, ಅದರ ಹಿಂದೆಯೇ ಇಬ್ಬರು ಪ್ರೇಮಿಗಳ ಸಾವು. ಈ ಕಥೆಯನ್ನು ಪುಟ್ಟಣ್ಣ 1974ರಲ್ಲಿ ಮುಂಬೈಗೂ ಒಯ್ದು, ರಿಷಿ ಕಪೂರ್ ನಟನೆಯಲ್ಲಿ ‘ಜಹ್ರೀಲಾ ಇನ್ಸಾನ್’ ಎಂಬ ಹಿಂದಿ ಚಿತ್ರ ಮಾಡಿದರು.

ಅದೇ 1974ರಲ್ಲಿ ಬಂದ ದೊರೈ–ಭಗವಾನ್ ಅವರ ‘ಎರಡು ಕನಸು’ ಇದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ನೋಡಿತು. ಇದು ವಾಣಿಯವರ ಕಾದಂಬರಿ. ಹಿರಿಯರ ಮನಸ್ತಾಪದಲ್ಲಿ ರಾಮು ಮತ್ತು ಲಲಿತೆಯ ಪ್ರೀತಿ ಮುರಿದುಬೀಳುತ್ತದೆ. ರಾಮು ಗೌರಿಯನ್ನು ಮದುವೆಯಾಗುತ್ತಾನಾದರೂ ಹಳೆಯ ನೆನಪಿನಲ್ಲೇ ಉಳಿದು, ಮನೆಗೆ ಬಂದ ಹೆಂಡತಿಯನ್ನು ಅಪರಿಚಿತಳಂತೆ ಕಾಣುತ್ತಾನೆ. ರಾಜ್‌ಕುಮಾರ್ ಅವರಂಥ ನಾಯಕನ ವಿರಹಕ್ಕೆ ಮರುಗುವುದು ಪ್ರೇಕ್ಷಕರಿಗೆ ಸುಲಭವಿತ್ತು. ಚಿತ್ರ ಅವರನ್ನು ಅಷ್ಟಕ್ಕೇ ಬಿಡದೆ ಗೌರಿಯ ಖಾಲಿ ದಿನಗಳನ್ನು ತೋರಿಸಿತು. ಲಲಿತೆಯಾದರೋ ತನ್ನ ಗಂಡನೊಂದಿಗೆ ಹೊಸ ಬದುಕು ಕಟ್ಟಿಕೊಂಡಿರುತ್ತಾಳೆ. ಜನ್ಮದ ಜೋಡಿ ಎಂದು ರಾಮು ಹಿಡಿದುಕೊಂಡದ್ದು ಅವಳ ಪಾಲಿಗೆ ಮುಗಿದ ಅಧ್ಯಾಯ. ಅದನ್ನು ಅವಳ ಬಾಯಿಂದ ಕೇಳಿದ ಮೇಲೆಯೇ ಅವನು ಗೌರಿಯತ್ತ ತಿರುಗುವುದು.

1987ರ ‘ಪ್ರೇಮಲೋಕ’ ಹೊಸ ಗಾಳಿ ತಂದಿತು. ರವಿಚಂದ್ರನ್ ನಟಿಸಿ, ನಿರ್ದೇಶಿಸಿದ ಈ ಚಿತ್ರದ ಮೇಲೆ ಹಾಲಿವುಡ್‌ನ ‘ಗ್ರೀಸ್ 2’ರ ನೆರಳಿತ್ತು. ತಮಿಳಿನಲ್ಲಿ ಇದು ‘ಪರುವ ರಾಗಂ’ ಆಯಿತು. ಹಂಸಲೇಖ ಅವರ ಹಾಡುಗಳು ಕ್ಯಾಸೆಟ್ಟುಗಳಲ್ಲಿ ಮನೆಮನೆ ತಲುಪಿದವು. ಪುರಾಣದ ಸತಿಯಾಗಲೀ ಎಪ್ಪತ್ತರ ದಶಕದ ತ್ಯಾಗವಾಗಲೀ ಇಲ್ಲಿಲ್ಲ. ಕಾಲೇಜಿನ ಹುಡುಗ, ಹುಡುಗಿ ಹಾಡಿನಲ್ಲೇ ಜಗಳವಾಡಿ, ಹಾಡಿನಲ್ಲೇ ರಾಜಿಯಾಗಿ, ದೊಡ್ಡವರ ಎದುರು ಜೊತೆಯಾಗಿ ನಿಂತರು. ಹುಡುಗಿ ಬೇಕು ಎಂದದ್ದನ್ನು ಎಲ್ಲರಿಗೂ ಕೇಳಿಸುವಂತೆ ಹೇಳಿದಳು.

ಆದರೂ ತ್ಯಾಗದ ರುಚಿ ಹೋಗಲಿಲ್ಲ. ತೊಂಬತ್ತರ ದಶಕದಲ್ಲಿ ರಮೇಶ್ ಅರವಿಂದ್ ಒಂದಾದ ಮೇಲೊಂದು ಚಿತ್ರದಲ್ಲಿ ನಾಯಕಿಯನ್ನು ಬಿಟ್ಟುಕೊಟ್ಟರು. ಪ್ರೇಕ್ಷಕರು ಅವರನ್ನು ಪ್ರೀತಿಯಿಂದ, ಸ್ವಲ್ಪ ತಮಾಷೆಯಿಂದ ‘ತ್ಯಾಗರಾಜ’ ಎಂದರು. ಆ ತಮಾಷೆಯಲ್ಲೂ ಕನಿಕರವೆಲ್ಲ ಬಿಟ್ಟುಕೊಟ್ಟವನ ಪಾಲಿಗೇ ಇತ್ತು.

2006ರ ಡಿಸೆಂಬರಿನಲ್ಲಿ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ ಬಂತು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿಯವರ ಸಾಲುಗಳು, ಮಡಿಕೇರಿಯ ಮಳೆ, ಪಟಪಟ ಮಾತಾಡುವ ಗಣೇಶ್, ಎಲ್ಲವೂ ಹೊಸದಾಗಿ ಕಂಡವು. ಆದರೆ ಕೊನೆಯ ತಿರುವು ಹಳೆಯದೇ. ನಂದಿನಿ ಪ್ರೀತಂನನ್ನು ಒಪ್ಪಿಕೊಂಡಿರುತ್ತಾಳೆ. ಮದುವೆಯ ಹಿಂದಿನ ರಾತ್ರಿ ಅವಳ ತಂದೆ ಕರ್ನಲ್ ಸುಬ್ಬಯ್ಯ ಪ್ರೀತಂನ ಮುಂದೆ ಮನಸ್ಸು ಬಿಚ್ಚಿಡುತ್ತಾರೆ. ಆ ನಂಬಿಕೆಗೆ ಕಟ್ಟುಬಿದ್ದು ಪ್ರೀತಂ ಹಿಂದೆ ಸರಿಯುತ್ತಾನೆ. ಚಿತ್ರದುರ್ಗದ ಬೆಟ್ಟದ ಬದಲು ಮಡಿಕೇರಿಯ ಮನೆ, ಮೇಷ್ಟ್ರ ಬದಲು ತಂದೆ. ಮಾತು ನಡೆದದ್ದು ಮತ್ತೆ ಇಬ್ಬರು ಗಂಡಸರ ನಡುವೆ. ಪ್ರೀತಂನ ಜೊತೆಗಾರನಾದ ಮೊಲಕ್ಕೆ ಶರಚ್ಚಂದ್ರರ ನಾಯಕನ ಹೆಸರು, ದೇವದಾಸ. ಅದರ ಸಾವಿಗೆ ಇಡೀ ಕರ್ನಾಟಕ ಕಣ್ಣೀರು ಹಾಕಿತು. ಪ್ರೀತಿಸಿದವನನ್ನು ಬಿಟ್ಟು ಬೇರೆಯವನ ಪಕ್ಕದಲ್ಲಿ ಹಸೆಮಣೆ ಏರಿದ ನಂದಿನಿಯ ಮುಂದಿನ ಮೂವತ್ತು ವರ್ಷಗಳ ಬಗ್ಗೆ ಚಿತ್ರಕ್ಕೆ ಕುತೂಹಲವಿರಲಿಲ್ಲ.

2023ರಲ್ಲಿ ಎರಡು ಭಾಗಗಳಲ್ಲಿ ಬಂದ ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಈ ಲೆಕ್ಕವನ್ನು ಸ್ವಲ್ಪ ಕಟುವಾಗಿಯೇ ಮಾಡಿತು. ಒಂದು ಮನೆ ಮಾಡುವ ಹಣಕ್ಕಾಗಿ ಮನು ಬೇರೆಯವರ ಅಪರಾಧವನ್ನು ತನ್ನ ಮೇಲೆ ಎಳೆದುಕೊಂಡು ಜೈಲಿಗೆ ಹೋಗುತ್ತಾನೆ. ತೀರ್ಮಾನ ಅವನದು, ಬೆಲೆ ಇಬ್ಬರದ್ದೂ. ಎರಡನೆಯ ಭಾಗದಲ್ಲಿ ಹೊರಬಂದ ಮನು, ಮದುವೆಯಾಗಿ ಮಗುವಿರುವ ಪ್ರಿಯಾಳ ಬದುಕನ್ನು ದೂರದಿಂದ ಕಾಯುತ್ತಾನೆ. ಅದು ಪ್ರೀತಿಯೋ, ಬಿಟ್ಟುಬಿಡಲಾಗದ ಹಟವೋ ಎಂದು ಪ್ರೇಕ್ಷಕರು ವಾದಿಸಿದರು. ಪ್ರೀತಂನ ಬಗ್ಗೆ ಯಾರೂ ಹಾಗೆ ವಾದಿಸಿರಲಿಲ್ಲ. ಹದಿನೇಳು ವರ್ಷಗಳಲ್ಲಿ ಆದ ಬದಲಾವಣೆ ಅಷ್ಟು.

‘ನಾಗರಹಾವು’ ಈಗ ಮನೆಯಲ್ಲೇ ಕೂತು ನೋಡಬಹುದಾದ ಚಿತ್ರ. ಮತ್ತೆ ನೋಡುವವರು ಹೋಟೆಲಿನ ದೃಶ್ಯದಲ್ಲಿ ತುಸು ನಿಲ್ಲಬೇಕು. ಅಲ್ಲಿ ಆರತಿ ಅಭಿನಯಿಸಿದ ಅಲಮೇಲು ತನ್ನ ಕಥೆಯನ್ನು ತಾನೇ ಹಾಡಿ ಹೇಳುತ್ತಾಳೆ. ಮೇಷ್ಟ್ರಾಗಲೀ ವರದನಾಗಲೀ ಕೇಳಿಸಿಕೊಳ್ಳಲು ಅಲ್ಲಿಲ್ಲ. ಕೇಳುತ್ತಿರುವವನು ರಾಮಾಚಾರಿ ಒಬ್ಬನೇ, ಅದೂ ಎಲ್ಲ ಮುಗಿದ ಮೇಲೆ.