ಕಂದಕದ ಮಣ್ಣು ಹೊತ್ತ ನಾಯಕರು(ಸ)

ಹಿಜರಿ 5ನೇ ವರ್ಷ, ಅಂದರೆ ಕ್ರಿ.ಶ. 627. ಕುರೈಶರು ಗತ್ಫಾನ್ ಮೊದಲಾದ ಗೋತ್ರಗಳನ್ನು ಕೂಡಿಸಿಕೊಂಡು ಸುಮಾರು 10,000 ಮಂದಿಯ ಪಡೆಯೊಂದಿಗೆ ಮದೀನಾದತ್ತ ಹೊರಟರು. ಮದೀನಾದಲ್ಲಿ ಎದುರಿಸಲು ಇದ್ದವರು ಸುಮಾರು 3,000. ಪ್ರವಾದಿವರ್ಯರು(ಸ) ಸಹಾಬಿಗಳೊಡನೆ ಸಮಾಲೋಚಿಸಿದಾಗ ಸಲ್ಮಾನ್ ಫಾರಿಸಿ(ರ) ತಮ್ಮ ಪರ್ಷಿಯಾ ನಾಡಿನ ಪದ್ಧತಿಯಂತೆ ಕಂದಕ ತೋಡುವ ಸಲಹೆ ಕೊಟ್ಟರು. ಅವರು ಪರನಾಡಿನವರು, ಗುಲಾಮಗಿರಿಯನ್ನು ಅನುಭವಿಸಿದವರು, ಗೋತ್ರಬಲವಿಲ್ಲದವರು. ಆದರೂ ಅವರ ಮಾತೇ ನಡೆಯಿತು. ನಮ್ಮ ಜಮಾಅತ್ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತವನಿಗೆ ಬಾಯಿ ತೆರೆಯಲು ಅವಕಾಶವಾದರೂ ಇದೆಯೇ?

ಊರಿನ ಉತ್ತರ ದಿಕ್ಕು ತೆರೆದಿತ್ತು. ಹತ್ತು ಜನರಿಗೆ 40 ಮೊಳದಂತೆ ಕೆಲಸ ಹಂಚಲಾಯಿತೆಂದು ಇತಿಹಾಸಕಾರರು ಬರೆದಿದ್ದಾರೆ. ಕೊರೆಯುವ ಚಳಿ, ಹೊಟ್ಟೆಯಲ್ಲಿ ಹಸಿವು, ಕೂಲಿಗೆ ಆಳುಗಳಿಲ್ಲ. ಪ್ರವಾದಿವರ್ಯರು(ಸ) ನೆರಳಲ್ಲಿ ಕೂತು ಅಪ್ಪಣೆ ಕೊಡಲಿಲ್ಲ. ಅವರ ಹೊಟ್ಟೆಯ ಚರ್ಮ ಕಾಣದಷ್ಟು ಧೂಳು ಮೆತ್ತುವವರೆಗೆ ಮಣ್ಣು ಹೊತ್ತದ್ದನ್ನು ಕಣ್ಣಾರೆ ಕಂಡವರು ಬರಾಅ್ ಬಿನ್ ಆಝಿಬ್(ರ). ಅಬ್ದುಲ್ಲಾ ಬಿನ್ ರವಾಹ(ರ)ರ ಸಾಲುಗಳನ್ನು ಎಲ್ಲರ ಜೊತೆ ಹಾಡುತ್ತಾ, ಕೊನೆಯ ಪದಕ್ಕೆ ದನಿ ಎತ್ತುತ್ತಿದ್ದರಂತೆ!

ಕಪಟಿಗಳು ಕೆಲಸದಿಂದ ಸದ್ದಿಲ್ಲದೆ ನುಸುಳಿಕೊಳ್ಳುತ್ತಿದ್ದರು. ಅನುಮತಿ ಕೇಳಿಯೇ ಹೋಗುವವರನ್ನು ಸತ್ಯವಿಶ್ವಾಸಿಗಳೆನ್ನುವ ಸೂರಃ ಅನ್ನೂರ್‌ನ 62ನೇ ಆಯತನ್ನು ಮುಫಸ್ಸಿರರು ಈ ಸಂದರ್ಭದೊಂದಿಗೆ ಜೋಡಿಸುತ್ತಾರೆ. ಅನುಮತಿ ಸಿಗುತ್ತಲೂ ಇತ್ತು. ಹೊಸದಾಗಿ ಮದುವೆಯಾದ ಯುವಕನೊಬ್ಬ ದಿನವೂ ಮಧ್ಯಾಹ್ನ ಕೇಳಿಕೊಂಡು ಮನೆಗೆ ಹೋಗಿಬರುತ್ತಿದ್ದ.

ಒಂದೆಡೆ ಗಟ್ಟಿ ಬಂಡೆ ಅಡ್ಡಬಂತು. ಸಹಾಬಿಗಳು ಬಂದು ಹೇಳಿದಾಗ ಪ್ರವಾದಿವರ್ಯರು(ಸ) ತಾವೇ ಇಳಿಯುವುದಾಗಿ ಹೇಳಿ ಎದ್ದರು. ಎದ್ದಾಗ ಅವರ ಹೊಟ್ಟೆಗೆ ಕಲ್ಲು ಕಟ್ಟಿರುವುದು ಕಂಡಿತು. ಮೂರು ದಿನಗಳಿಂದ ಯಾರೂ ಊಟದ ರುಚಿ ನೋಡಿರಲಿಲ್ಲ. ಹಾರೆಯ ಏಟಿಗೆ ಬಂಡೆ ಮರಳಿನಂತೆ ಉದುರಿತು. ಆ ಕಲ್ಲು ಕಂಡ ಜಾಬಿರ್(ರ) ತಡೆಯಲಾರದೆ, ಅನುಮತಿ ಪಡೆದು ಮನೆಗೆ ಓಡಿದರು. ಇದ್ದದ್ದು ಸ್ವಲ್ಪ ಜವೆಗೋಧಿ, ಒಂದು ಆಡಿನ ಮರಿ. ಒಬ್ಬಿಬ್ಬರ ಜೊತೆ ಬನ್ನಿರೆಂದು ಗುಟ್ಟಾಗಿ ಕರೆದರೆ, ಪ್ರವಾದಿವರ್ಯರು(ಸ) ಮುಹಾಜಿರರನ್ನೂ ಅನ್ಸಾರರನ್ನೂ ಎಲ್ಲರನ್ನೂ ಎಬ್ಬಿಸಿಕೊಂಡು ಬಂದರು. ಜಾಬಿರರ ಮಡದಿಯ ಗಾಬರಿಯನ್ನು ನಮ್ಮ ಮನೆಯ ತಾಯಂದಿರು ಚೆನ್ನಾಗಿ ಬಲ್ಲರು. ಆದರೆ ಅಲ್ಲಾಹನ ಬರಕತ್ ಆ ಪಾತ್ರೆಯಲ್ಲಿತ್ತು. ಪ್ರವಾದಿವರ್ಯರೇ(ಸ) ರೊಟ್ಟಿ ಮುರಿದು, ಮಾಂಸವಿಟ್ಟು ಬಡಿಸಿದರು. ಎಲ್ಲರೂ ಹೊಟ್ಟೆ ತುಂಬ ಉಂಡರು. ಉಳಿದದ್ದನ್ನು ತಾನೂ ಉಂಡು, ಹಸಿದ ಇತರರಿಗೂ ಕಳಿಸುವಂತೆ ಆ ಮಹಿಳೆಗೆ ಹೇಳಿದರು.