ಅಂದಂದೇ ಬರೆದ ದಿನಚರಿ, ಕಡಲು ಪಾಲಾದ ಟಿಪ್ಪಣಿ

ಶಾಲೆಗಳಿಗೆ ರಜೆ ದೊರೆತೊಡನೆ ನಮ್ಮ ಕುಟುಂಬಗಳು ಪ್ರವಾಸ ಹೊರಡುತ್ತವೆ; ಅನುಕೂಲವುಳ್ಳವರು ಉಮ್ರಾಕ್ಕೆ ತೆರಳುತ್ತಾರೆ. ಮರಳುವಾಗ ಮೊಬೈಲಿನಲ್ಲಿ ನೂರಾರು ಚಿತ್ರಗಳಿರುತ್ತವೆ. ಆದರೆ ಯಾವ ದಿನ ಎಲ್ಲಿದ್ದೆವು, ದಾರಿಯಲ್ಲಿ ಯಾರು ನೆರವಾದರು, ಏನನ್ನು ಕಂಡು ಮನಸ್ಸು ಕಲಕಿತು ಎಂಬ ಬಗ್ಗೆ ಒಂದು ಸಾಲನ್ನೂ ನಾವು ಬರೆದಿರುವುದಿಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು (ಅಲ್ ಬಕರ: 282) ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಅದನ್ನು ಪಾರಾಯಣ ಮಾಡುವ ನಾವು ಬರೆಯುವ ವಿಷಯದಲ್ಲಿ ಇಷ್ಟು ಉದಾಸೀನರಾಗಿರುವುದು ಸೋಜಿಗವೇ ಸರಿ. ನಮ್ಮ ಪೂರ್ವಿಕರು ಹೀಗಿರಲಿಲ್ಲ.

ಅಂದಲೂಸಿನ ಗ್ರನಾಡದಲ್ಲಿ ರಾಜ್ಯಪಾಲನ ಕಾರ್ಯದರ್ಶಿಯಾಗಿದ್ದ ಇಬ್ನ್ ಜುಬೈರ್ ಕ್ರಿ.ಶ. 1183ರಲ್ಲಿ ಹಜ್ಜ್ ಯಾತ್ರೆಗೆ ಹೊರಟರು. ಸಬ್ತಾ ಬಂದರಿನಲ್ಲಿ ಜಿನೋವಾದವರ ಹಡಗನ್ನೇರಿದ ಅವರು, ಹಿ.ಶ. 578ರ ಶವ್ವಾಲ್ ತಿಂಗಳ 30ರ ಶುಕ್ರವಾರ, ತಾಯ್ನಾಡಿನ ಪರ್ವತಗಳು ಇನ್ನೂ ಕಾಣುತ್ತಿರುವಾಗಲೇ ಸಮುದ್ರದ ಮೇಲೆ ಬರೆಯತೊಡಗಿದರು. ಅವರ ಗ್ರಂಥವು ಊರುಗಳ ಕ್ರಮದಲ್ಲಲ್ಲ, ಚಾಂದ್ರಮಾನ ತಿಂಗಳುಗಳ ಕ್ರಮದಲ್ಲಿ ಸಾಗುತ್ತದೆ. ಪ್ರತಿ ತಿಂಗಳ ಆರಂಭದಲ್ಲಿ ಚಂದ್ರದರ್ಶನ ಯಾವ ರಾತ್ರಿ ಆಯಿತು, ಅದು ಕ್ರೈಸ್ತ ಪಂಚಾಂಗದ ಯಾವ ದಿನ ಎಂಬುದನ್ನು ಅವರು ದಾಖಲಿಸುತ್ತಾರೆ.

ಅಲೆಕ್ಸಾಂಡ್ರಿಯ ತಲುಪಿದ ದಿನದ ವಿವರಣೆಯನ್ನೇ ನೋಡಿ. ಸುಂಕದ ಅಧಿಕಾರಿಗಳು ಹಡಗನ್ನೇರಿ ಒಬ್ಬೊಬ್ಬರ ಹೆಸರು, ಊರು, ಸರಕು, ಹಣವನ್ನು ಬರೆದುಕೊಂಡರು. ಝಕಾತಿನ ಹೆಸರಿನಲ್ಲಿ ಹಣ ಕೇಳಿದರು. ನಡುಪಟ್ಟಿಯೊಳಗೆ ಕೈಹಾಕಿ ಶೋಧಿಸಿದರು. ಇನ್ನೇನೂ ಬಚ್ಚಿಟ್ಟಿಲ್ಲವೆಂದು ಆಣೆ ಮಾಡಿಸಿದರು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರನ್ನು ಮನತುಂಬಿ ಪ್ರಶಂಸಿಸುವ ಲೇಖಕರೇ ಅವರ ಆಡಳಿತದ ಈ ಕಳಂಕವನ್ನೂ ಮುಚ್ಚಿಡಲಿಲ್ಲ. ಸುಲ್ತಾನರ ಅರಿವಿಗೆ ಬಂದರೆ ಇದು ನಿಲ್ಲುವುದೆಂದಷ್ಟೇ ಬರೆದರು. ಹಲವು ವರ್ಷಗಳ ಬಳಿಕ ಮನೆಯಲ್ಲಿ ಕುಳಿತು ಬರೆದಿದ್ದರೆ ಆ ಅವಮಾನದ ಕಾವು ಉಳಿಯುತ್ತಿತ್ತೇ? ನಮಗೆ ಸಂದೇಹವಿದೆ.

ಇನ್ನೂ ಕಹಿಯಾದ ಒಂದು ಸಂಗತಿಯನ್ನು ಅವರು 1184ರಲ್ಲಿ ಬರೆದರು. ತಿಬ್ನೀನಿನಿಂದ ಅಕ್ಕಾದತ್ತ ಸಾಗುವಾಗ ಕ್ರೈಸ್ತ ಫ್ರಾಂಕರ ಆಳ್ವಿಕೆಯಲ್ಲಿದ್ದ ಮುಸ್ಲಿಮ್ ರೈತರನ್ನು ಕಂಡರು. ಆ ರೈತರು ಬೆಳೆಯ ಅರ್ಧಭಾಗವನ್ನೂ, ತಲೆಗೆ ಒಂದು ದೀನಾರ್ ಐದು ಕೀರಾತ್ ಕಂದಾಯವನ್ನೂ ಕೊಟ್ಟು ನೆಮ್ಮದಿಯಿಂದಿದ್ದರು. ಪಕ್ಕದ ಮುಸ್ಲಿಮ್ ಒಡೆಯರ ಕೈಕೆಳಗಿನ ರೈತರಿಗೆ ಆ ನೆಮ್ಮದಿ ಇರಲಿಲ್ಲ. ಜಿಹಾದಿನ ಕಾವು ತುಂಬಿದ ಕಾಲದಲ್ಲಿ, ಫ್ರಾಂಕರನ್ನು ಶಪಿಸುತ್ತಲೇ ಸಾಗುವ ಲೇಖಕರೊಬ್ಬರು ಇದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ದುಃಖದಿಂದಲೇ ಬರೆದರು. ಸೂರ್ ಪಟ್ಟಣದಲ್ಲಿ ಕ್ರೈಸ್ತ ವಧುವಿನ ಮೆರವಣಿಗೆಯನ್ನು ನಿಂತು ನೋಡಿದ್ದನ್ನೂ, ಆ ಸೊಬಗಿನ ಮೋಹದಿಂದ ಅಲ್ಲಾಹನ ಅಭಯ ಬೇಡಿದ್ದನ್ನೂ ಅವರು ಮರೆಮಾಚಿಲ್ಲ.

ಮರಳುವಾಗ, ಅದೇ ವರ್ಷದ ಚಳಿಗಾಲದಲ್ಲಿ, ಸಿಸಿಲಿಯ ಮೆಸ್ಸೀನಾ ಬಳಿ ಅವರ ಹಡಗು ಒಡೆಯಿತು. ದಡಕ್ಕೆ ಸಾಗಿಸಲು ದೋಣಿಯವರು ಕೇಳಿದ ಬಾಡಿಗೆಯನ್ನು ತೆರಲಾಗದೆ ನಿಂತಿದ್ದ ಬಡ ಮುಸ್ಲಿಮರ ಪರವಾಗಿ ಹಣ ಕೊಡಿಸಿದವನು ಅಲ್ಲಿಯ ಕ್ರೈಸ್ತ ದೊರೆ ಎರಡನೆಯ ವಿಲಿಯಮ್. ಅದೂ ದಾಖಲಾಯಿತು. 1185ರ ಏಪ್ರಿಲಿನಲ್ಲಿ ಅವರು ಗ್ರನಾಡ ಸೇರಿದರು.

ಸುಮಾರು ಒಂದೂವರೆ ಶತಮಾನದ ನಂತರ ಬಂದ ಇಬ್ನ್ ಬತೂತರ ಕಥೆ ಬೇರೆ. 1325ರಲ್ಲಿ ತಂಜೀರನ್ನು ಬಿಟ್ಟ ಅವರು ಕಂಡಷ್ಟು ನಾಡುಗಳನ್ನು ಇಬ್ನ್ ಜುಬೈರ್ ಕಾಣಲಿಲ್ಲ. ಆದರೆ ಅವರ ಗ್ರಂಥ ಸಿದ್ಧವಾದದ್ದು ಸುಮಾರು ಮೂವತ್ತು ವರ್ಷಗಳ ಬಳಿಕ. ಸುಲ್ತಾನ್ ಅಬೂ ಇನಾನರ ಅಪ್ಪಣೆಯಂತೆ ಫೆಸ್ ನಗರದಲ್ಲಿ ಅವರು ನೆನೆದು ಹೇಳಿದರು, ಇಬ್ನ್ ಜುಝೈ ಎಂಬ ವಿದ್ವಾಂಸರು ಬರೆದರು. 1355ರ ಡಿಸೆಂಬರಿನಲ್ಲಿ ಹೇಳಿಕೆ ಮುಗಿಯಿತು. ನೆನಪು ಸಾಲದಾದಾಗ ಮಕ್ಕಾ, ಮದೀನಾ, ದಮಾಸ್ಕಸ್‌ಗಳ ವರ್ಣನೆಯನ್ನು ಇಬ್ನ್ ಜುಬೈರರ ದಿನಚರಿಯಿಂದಲೇ ಎತ್ತಿಕೊಳ್ಳಲಾಯಿತು. ಕೆಲವೆಡೆ ಹೆಸರು ಹೇಳಿ, ಅನೇಕ ಕಡೆ ಹೇಳದೆ.

ಹಾಗಾದರೆ ಇಬ್ನ್ ಬತೂತರು ದಾರಿಯಲ್ಲಿ ಏನನ್ನೂ ಬರೆದಿಟ್ಟುಕೊಳ್ಳಲಿಲ್ಲವೇ? ಬರೆದಿದ್ದರು. ಬುಖಾರಾದ ವಿದ್ವಾಂಸರ ಸಮಾಧಿಗಳ ಮೇಲಿನ ಬರಹಗಳನ್ನೂ, ಅಲ್ಲಿದ್ದ ಅವರ ಗ್ರಂಥಗಳ ಹೆಸರುಗಳನ್ನೂ ನಕಲು ಮಾಡಿಕೊಂಡಿದ್ದೆನೆಂದು ಅವರೇ ಹೇಳುತ್ತಾರೆ. ಆ ಕಾಗದಗಳು ಕಳೆದುಹೋದದ್ದು ಎಲ್ಲಿ ಗೊತ್ತೇ? ನಮ್ಮ ಕರಾವಳಿಯಲ್ಲಿ. ಕೊಲ್ಲಂನಿಂದ ಹೊನ್ನಾವರದ ಕಡೆಗೆ ಬರುತ್ತಿದ್ದಾಗ, ಹೊನ್ನಾವರಕ್ಕೂ ಫಾಕನೂರಿಗೂ (ಇಂದಿನ ಬಾರ್ಕೂರು) ನಡುವಿನ ಸಣ್ಣ ದ್ವೀಪವೊಂದರ ಬಳಿ ಹನ್ನೆರಡು ಹಡಗುಗಳಲ್ಲಿ ಕಡಲ್ಗಳ್ಳರು ಎರಗಿದರು. ಸಿಂಹಳದ ದೊರೆ ಕೊಟ್ಟ ರತ್ನಗಳು, ಬಟ್ಟೆಬರೆ, ಎಲ್ಲವೂ ಹೋಯಿತು. ಮೈಮೇಲೆ ಉಳಿದದ್ದು ಷರಾಯಿಯೊಂದೇ.

ಆದ್ದರಿಂದ ನಮ್ಮ ನೆಲದ ಬಗ್ಗೆ ಅವರು ಕೊಟ್ಟ ವಿವರಗಳು ಬಹುಮಟ್ಟಿಗೆ ನೆನಪಿನಿಂದ ಬಂದವು. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳಿದ್ದವು, ಅಲ್ಲಿಯ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದರು ಎನ್ನುತ್ತಾರೆ. ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರಿದ್ದರು ಎನ್ನುತ್ತಾರೆ. ಈ ಅಂಕಿಗಳನ್ನು ನಾವು ಅಭಿಮಾನದಿಂದ ಭಾಷಣಗಳಲ್ಲಿ ಉದ್ಧರಿಸುತ್ತೇವೆ. ಅವು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಒಬ್ಬರ ತಲೆಯಲ್ಲಷ್ಟೇ ಇದ್ದವೆಂಬುದನ್ನು ಹೇಳುವುದಿಲ್ಲ. ಹೊನ್ನಾವರದ ಸುಲ್ತಾನನ ಊಟದ ವಿವರವನ್ನು ಮಾತ್ರ ನಾವು ಪೂರ್ಣವಾಗಿ ನಂಬುತ್ತೇವೆ. ಅನ್ನ, ತುಪ್ಪ, ಮೆಣಸು, ಶುಂಠಿ, ಮಾವಿನ ಉಪ್ಪಿನಕಾಯಿ, ಕೋಳಿ, ಮೀನು, ಕೊನೆಗೆ ಮೊಸರು. ಹನ್ನೊಂದು ತಿಂಗಳು ರೊಟ್ಟಿಯನ್ನೇ ಕಾಣದೆ ಅನ್ನ ಉಂಡವನಿಗೆ ಅದು ಮರೆಯುವುದುಂಟೇ!

ದರೋಡೆಯ ಬಳಿಕ ಅವರು ಕಲ್ಲಿಕೋಟೆಗೆ ಮರಳಿ ಅಲ್ಲಿಯ ಮಸೀದಿಯೊಂದನ್ನು ಹೊಕ್ಕರು. ಧರ್ಮಶಾಸ್ತ್ರಜ್ಞರೊಬ್ಬರು ನಿಲುವಂಗಿ ಕಳುಹಿಸಿದರು, ಕಾಝಿಯವರು ಮುಂಡಾಸು ಕೊಟ್ಟರು, ವ್ಯಾಪಾರಿಯೊಬ್ಬರು ಮತ್ತೊಂದು ಉಡುಪು ನೀಡಿದರು. ಬುಖಾರಾದ ಬರಹಗಳನ್ನು ಕೊಡಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

1990ರ ದಶಕದ ಮಧ್ಯಭಾಗದವರೆಗೂ ಮುಂಬಯಿಯಿಂದ ಜಿದ್ದಾಕ್ಕೆ ಹಾಜಿಗಳ ಹಡಗು ಹೋಗುತ್ತಿತ್ತು. ಅದರಲ್ಲಿ ಹೋಗಿಬಂದ ಹಿರಿಯರು ನಮ್ಮ ಮೊಹಲ್ಲಾಗಳಲ್ಲಿ ಇನ್ನೂ ಕೆಲವರಿದ್ದಾರೆ. ಎಷ್ಟು ದಿನದ ಪಯಣ, ಹಡಗಿನಲ್ಲಿ ಏನು ಅಡುಗೆ, ಯಾರು ದಾರಿಯಲ್ಲೇ ತೀರಿಕೊಂಡರು, ಅವರನ್ನು ಹೇಗೆ ಕಡಲಿಗೆ ಒಪ್ಪಿಸಿದರು ಎಂಬುದೆಲ್ಲ ಅವರಿಗೆ ನೆನಪಿದೆ. ಈ ರಜೆಯಲ್ಲಿ ದೂರ ಹೋಗಲಾಗದ ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಅಸರ್ ನಮಾಝಿನ ಬಳಿಕ ಅವರ ಬಳಿ ಕುಳಿತುಕೊಳ್ಳಲಿ. ಮೊದಲ ಪುಟದ ತಲೆಯಲ್ಲಿ ತಾರೀಖು ಬರೆಯಲಿ.