ಈಜುಕೊಳದಲ್ಲಿ ನಿಂತ ಎಂಜಿನಿಯರ್

ಕಾಲುಚೀಲಕ್ಕೂ ಒಂದು ಚರಿತ್ರೆಯುಂಟೆ ಎಂದು ಕೇಳುವವರಿದ್ದಾರೆ. ಉಂಟು. ನಾನು ಹೇಳಹೊರಟಿರುವುದು ಅಲಂಕಾರದ ಕಾಲುಚೀಲದ ಮಾತಲ್ಲ. ಕಾಲಿನ ನರ ಉಬ್ಬಿದವರಿಗೆ ವೈದ್ಯರು ತೊಡಿಸುವ ಬಿಗಿಯಾದ ಕಾಲುಚೀಲದ ಮಾತು. ನರವೆಂಬುದು ರೂಢಿಯ ನುಡಿ. ಇಲ್ಲಿ ಉಬ್ಬುವುದು ಸಿರೆ, ಎಂದರೆ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳ.

ಹೃದಯದಿಂದ ಪಾದಕ್ಕೆ ಇಳಿಯುವುದು ರಕ್ತಕ್ಕೆ ಸುಲಭ. ಮರಳಿ ಏರುವುದೇ ಕಷ್ಟ. ನಡೆಯುವಾಗ ಮೀನಖಂಡದ ಸ್ನಾಯುಗಳು ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೊತ್ತುತ್ತವೆ. ಅದು ಮತ್ತೆ ಜಾರದಂತೆ ಸಿರೆಗಳೊಳಗಿನ ಪುಟ್ಟ ಕವಾಟಗಳು ತಡೆಯುತ್ತವೆ. ಈ ಕವಾಟಗಳನ್ನು ಪಾಡುವಾದ ಫ್ಯಾಬ್ರಿಷಿಯಸ್ 1603ರಲ್ಲಿಯೇ ವರ್ಣಿಸಿದ್ದ. ಆದರೆ ಅವುಗಳ ನಿಜವಾದ ಕೆಲಸವನ್ನು ತಿಳಿಸಿದವನು ಅವನ ಶಿಷ್ಯ ವಿಲಿಯಂ ಹಾರ್ವೆ, 1628ರಲ್ಲಿ. ಕಂಡವನೊಬ್ಬ, ಅರಿತವನೊಬ್ಬ! ಕವಾಟ ಕೆಟ್ಟರೆ ರಕ್ತ ಕೆಳಗೇ ನಿಲ್ಲುತ್ತದೆ. ಸಿರೆ ಸುರುಳಿಗೊಳ್ಳುತ್ತದೆ, ಕಣಕಾಲಿನ ಚರ್ಮ ಕಪ್ಪಾಗುತ್ತದೆ, ಕೊನೆಗೆ ವರ್ಷಗಟ್ಟಲೆ ಮಾಯದ ಹುಣ್ಣಾಗುತ್ತದೆ. ದಿನವಿಡೀ ನಿಂತು ದುಡಿಯುವ ಬಾಣಸಿಗ, ಕ್ಷೌರಿಕ, ಬಸ್ಸಿನ ಕಂಡಕ್ಟರ್, ನಮ್ಮಂಥ ಮೇಷ್ಟರುಗಳು ಈ ಬಾಧೆಗೆ ಸುಲಭವಾಗಿ ಈಡಾಗುವವರು.

ಕಾಲನ್ನು ಬಿಗಿಯಾಗಿ ಕಟ್ಟಿದರೆ ಹುಣ್ಣು ಮಾಯುತ್ತದೆಂಬುದನ್ನು ಹಿಪೊಕ್ರೆಟಿಸನ ಕಾಲದ ಗ್ರೀಕರೂ ಬಲ್ಲರು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯ ಶಸ್ತ್ರವೈದ್ಯ ರಿಚರ್ಡ್ ವೈಸ್‌ಮನ್ ದಾರದಿಂದ ಬಿಗಿಯುವ ಚರ್ಮದ ಕಾಲುಚೀಲವನ್ನೇ ಬಳಸಿದ. ಹತ್ತೊಂಬತ್ತನೆಯ ಶತಮಾನದಲ್ಲಿ ರಬ್ಬರಿನ ನೂಲು ಬಂದಿತು. ಆದರೂ ಒಂದು ಕೊರತೆ ಉಳಿದೇ ಇತ್ತು. ಎಲ್ಲಿ ಎಷ್ಟು ಬಿಗಿಯಬೇಕು? ಕಟ್ಟು ಮೇಲೆ ಬಿಗಿಯಾಗಿ ಕೆಳಗೆ ಸಡಿಲವಾದರೆ, ರಕ್ತದ ದಾರಿಗೆ ಅದೇ ಅಡ್ಡಗಟ್ಟೆ.

ಇದಕ್ಕೆ ಉತ್ತರ ಕಂಡುಕೊಂಡವನು ವೈದ್ಯನಲ್ಲ, ರೋಗಿ. ಅಮೆರಿಕದ ಒಹಾಯೊ ಸೀಮೆಯ ಟೊಲೀಡೊ ನಗರದಲ್ಲಿದ್ದ ಕಾನ್ರಾಡ್ ಯೋಬ್ಸ್ಟ್ ಯಂತ್ರಗಳ ಎಂಜಿನಿಯರ್. ಅವನ ಕಾಲುಗಳಲ್ಲಿಯೂ ಇಂಥದೇ ಹುಣ್ಣು. ಈಜುಕೊಳದಲ್ಲಿ ನಿಂತಾಗ ಮಾತ್ರ ನೋವು ಇಳಿಯುತ್ತಿತ್ತು. ಬೇರೊಬ್ಬನಾಗಿದ್ದರೆ ತಣ್ಣೀರಿನ ಗುಣವೆಂದು ಸುಮ್ಮನಾಗುತ್ತಿದ್ದನೇನೋ. ಯೋಬ್ಸ್ಟ್ ಲೆಕ್ಕ ಹಾಕಿದ. ನೀರು ಆಳವಾದಷ್ಟೂ ಅದರ ಒತ್ತಡ ಹೆಚ್ಚು. ನಾಲ್ಕು ಅಡಿ ನೀರಿನಲ್ಲಿ ನಿಂತರೆ ಪಾದದ ಬಳಿ ಸುಮಾರು 90 ಮಿಲಿಮೀಟರ್ ಪಾದರಸದಷ್ಟು; ಮೇಲೆ ಹೋದಂತೆ ಕಡಿಮೆ. ಅಲುಗದೆ ನಿಂತ ಮನುಷ್ಯನ ಸಿರೆಯೊಳಗಿನ ಒತ್ತಡವೂ ಹಾಗೆಯೇ ಕೆಳಗೆ ಹೆಚ್ಚು, ಮೇಲೆ ಕಡಿಮೆ. ಒಳಗಿನ ಒತ್ತಿಗೆ ಹೊರಗಿನ ಒತ್ತು ಸರಿಗಟ್ಟುತ್ತಿತ್ತು. ಹಾಗಾದರೆ ಕಣಕಾಲಿನಲ್ಲಿ ಹೆಚ್ಚು ಬಿಗಿದು, ಮೇಲೇರಿದಂತೆ ಸಡಿಲವಾಗುವ ಕಾಲುಚೀಲವನ್ನು ನೆಯ್ದರೇನು? 1950ರಲ್ಲಿ ಅವನು ಟೊಲೀಡೊದಲ್ಲಿ ಅದಕ್ಕೆಂದೇ ಸಂಸ್ಥೆಯೊಂದನ್ನು ತೆರೆದ. ಕೊಳದ ನೀರನ್ನು ನೂಲಿನಲ್ಲಿ ನೆಯ್ದ ಕೆಲಸವಿದು ಎಂದರೆ ತಪ್ಪಾಗದು.

ಮುಂದೆ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಯಾದವರಿಗೂ ರಕ್ತ ಹೆಪ್ಪುಗಟ್ಟದಿರಲೆಂದು ಹಗುರವಾದ ಬಿಗಿಯ ಚೀಲ ತೊಡಿಸತೊಡಗಿದವು. ಒಳ್ಳೆಯ ಮದ್ದಿಗೆ ಎಲ್ಲ ರೋಗವನ್ನೂ ಹೊರಿಸುವುದು ಮನುಷ್ಯಸ್ವಭಾವ. 2009ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು, ಪಾರ್ಶ್ವವಾಯು ಬಡಿದು ಮಲಗಿದವರಿಗೆ ತೊಡೆಯವರೆಗಿನ ಚೀಲದಿಂದ ಈ ಲಾಭವಿಲ್ಲ, ಬದಲಾಗಿ ಚರ್ಮ ಗಾಯಗೊಳ್ಳುತ್ತದೆ ಎಂದು ತೋರಿಸಿತು. ಕಾಲಿಗೆ ರಕ್ತ ಒಯ್ಯುವ ಧಮನಿಯೇ ಕಿರಿದಾಗಿದ್ದವರಿಗಂತೂ ಬಿಗಿಚೀಲ ಅಪಾಯಕಾರಿ. ವೈದ್ಯರು ಮೊದಲು ಪಾದದ ನಾಡಿ ನೋಡುವುದು ಅದಕ್ಕಾಗಿಯೇ. ಸಿರೆಯ ಹುಣ್ಣಿಗಾದರೋ ಇಂದಿಗೂ ಬಿಗಿಯೇ ಮುಖ್ಯ ಚಿಕಿತ್ಸೆ. ಬೆಳಗ್ಗೆ ಹಾಸಿಗೆಯಿಂದೇಳುವ ಮೊದಲೇ, ಕಾಲು ಬಾಯುವುದಕ್ಕೆ ಮುಂಚೆ, ಅದನ್ನು ತೊಡಬೇಕು. ಬಗ್ಗಲಾರದ ಮುದುಕರಿಗೆ ತೊಡಿಸಲು ಮನೆಯಲ್ಲಿ ಇನ್ನೊಬ್ಬರ ಕೈ ಬೇಕು.